ಮಗಳು ‘ಮೋಮೋ’ ಕೈಬಿಡ್ತಾನೇ ಇಲ್ಲ, ಇಂಥ ತತ್ವದ ಫ್ಯಾಂಟಸಿಯಲ್ಲಿ ಮಕ್ಕಳಿಗೆ ಏನು ಸಿಗತ್ತೆ?

ಜಯನಗರ್_ಅಮ್ಮ

ಎಲ್ರಿಗೂ ನಮಸ್ಕಾರ. ಮಕ್ಕಳ ಪುಸ್ತಕ ಓದೋರು ಇಲ್ಲಿ ಜಾಸ್ತಿ ಇದೀರ ಅಂತ ಕೇಳ್ತಿದೀನಿ. ನನ್ ಮಗಳು ಈಗ ಏಳನೇ ಕ್ಲಾಸು. ಅವಳ ಸೋದರತ್ತೆ ಇರೋದು ಜರ್ಮನಿಯಲ್ಲಿ, ಈ ಸಲ ಬಂದಾಗ ಮಿಖಾಯೆಲ್ ಎಂಡೆ ಅನ್ನೋರು ಬರೆದಿರೋ ‘ಮೋಮೋ’ದ ಇಂಗ್ಲಿಷ್ ಅನುವಾದ ತಂದ್ಕೊಟ್ರು. 1973ರ ಪುಸ್ತಕ. ಇವಳು ಓದಿ ಮುಗಿಸಿದ್ಲು, ಮುಗಿಸಿದ ತಕ್ಷಣ ಮೊದಲ ಪುಟದಿಂದ ಮತ್ತೆ ಶುರು ಹಚ್ಕೊಂಡ್ಲು. ಊಟಕ್ಕೆ ಕೂತಾಗ, ತಲೆ ಬಾಚೋವಾಗ ಪ್ರಶ್ನೆಗಳು ಬೇರೆ, ಅಮ್ಮ ನಾವು ಟೈಮ್ ಉಳಿಸ್ತೀವಲ್ಲ ಆ ಉಳಿದಿದ್ದು ಎಲ್ಲಿರತ್ತೆ, ನಿಂಗೆ ಉಳಿದಿದ್ದನ್ನ ಯಾವತ್ತಾದ್ರೂ ವಾಪಸ್ ತಗೊಂಡಿದೀಯಾ, ಈ ಥರ.

ನಾನೂ ಕೂತ್ಕೊಂಡು ಓದಿದೆ. ಊರಾಚೆ ಹಾಳುಬಿದ್ದ ಬಯಲು ರಂಗಮಂದಿರದಲ್ಲಿ ಒಂದು ಹುಡುಗಿ ಒಬ್ಬಳೇ ಇರ್ತಾಳೆ, ಹಿಂದೆಮುಂದೆ ಯಾರೂ ಇಲ್ಲ, ದೊಡ್ಡವರ ಹಳೇ ಕೋಟು ಹಾಕ್ಕೊಂಡಿರ್ತಾಳೆ. ಅವಳಿಗೆ ಬರೋದು ಒಂದೇ, ಇನ್ನೊಬ್ರು ಮಾತಾಡಿದ್ದನ್ನ ಪೂರ್ತಿ ಕೇಳಿಸ್ಕೊಳ್ಳೋದು. ಆ ಊರಿಗೆ ಬೂದು ಬಣ್ಣದ ಸೂಟಿನ ಜನ ಬರ್ತಾರೆ, ಟೈಮ್ ಉಳಿಸಿ ನಮ್ಮ ಬ್ಯಾಂಕಲ್ಲಿ ಇಡಿ ಅಂತ ನಂಬಿಸಿ ಎಲ್ಲರ ಸಮಯ ಕದೀತಾರೆ, ಅವರನ್ನ ಎದುರಿಸೋದು ಈ ಹುಡುಗಿ. ಯುದ್ಧ ಇಲ್ಲ, ಮಂತ್ರದಂಡ ಇಲ್ಲ. ನನಗಂತೂ ತುಂಬಾ ಹಿಡಿಸ್ತು, ಆದ್ರೆ ಇದು ನಮ್ಮಂಥ ದೊಡ್ಡೋರಿಗೆ ಬರೆದಿರೋದು ಅನ್ನಿಸ್ತು. ಹನ್ನೆರಡು ವರ್ಷದ ಮಗೂಗೆ ಇದ್ರಲ್ಲಿ ಏನು ಅಷ್ಟು ಸಿಗ್ತಿದೆ? ನಮ್ಮ ಫ್ಲಾಟಿನ ಒಬ್ಬರು ಈ ವಯಸ್ಸಿಗೆ ಸಾವು, ಕಾಲ, ಬದುಕಿನ ಅರ್ಥ ಅಂತೆಲ್ಲ ತಲೆಗೆ ಹಾಕಿದ್ರೆ ಮಕ್ಕಳು ಮಂಕಾಗ್ತಾರೆ ಅಂದ್ರು, ಅದು ನಿಜಾನಾ? ನಾನು ಕೂರಿಸ್ಕೊಂಡು ಅರ್ಥ ಬಿಡಿಸಿ ಹೇಳ್ಬೇಕಾ ಅಥವಾ ಸುಮ್ನಿರ್ಬೇಕಾ? ಮುಂದಕ್ಕೆ ಏನು ಕೊಡ್ಲಿ ಅಂತಾನೂ ಹೇಳಿ.

ಕಪಾಟು

ನಾನು ಮೈಸೂರಲ್ಲಿ ಒಂದು ಶಾಲೆ ಲೈಬ್ರರಿ ನೋಡ್ಕೋತೀನಿ ಮೇಡಂ. ಏಳು ಎಂಟನೇ ಕ್ಲಾಸಿನವರು ಇಂಥ ಪುಸ್ತಕಕ್ಕೆ ಅಂಟ್ಕೊಳ್ಳೋದನ್ನ ಪ್ರತಿ ವರ್ಷ ನೋಡ್ತೀನಿ, ಕ್ಲಾಸಿಗೆ ನಾಲ್ಕೈದು ಮಕ್ಕಳು ಇದ್ದೇ ಇರ್ತಾರೆ. ಅದರಲ್ಲಿ ಫಸ್ಟ್ ರ‍್ಯಾಂಕಿನವರೇ ಇರ್ಬೇಕು ಅಂತೇನಿಲ್ಲ.

ನನಗೆ ಅರ್ಥ ಆಗಿರೋದು ಇಷ್ಟು. ‘ಕಾಲ ಅಂದ್ರೇನು’ ಅಂತ ಸೀದಾ ಕೇಳಿದ್ರೆ ಮಗು ಹಿಡ್ಕೊಳ್ಳೋಕೆ ಅಲ್ಲಿ ಏನೂ ಇಲ್ಲ. ಫ್ಯಾಂಟಸಿ ಆ ಪ್ರಶ್ನೆಗೆ ಕೈಕಾಲು ಕೊಡತ್ತೆ, ಬೂದು ಬಣ್ಣದ ಸೂಟು ಹಾಕಿಸಿ, ಬಾಯಿಗೆ ಸಿಗಾರ್ ಇಟ್ಟು ಬಾಗಿಲಿಗೆ ತಂದು ನಿಲ್ಲಿಸತ್ತೆ. ಈಗ ಮಗು ಅದರ ಜೊತೆ ಜಗಳ ಆಡ್ಬಹುದು. ಕ್ಷೌರಿಕ ಫೂಸಿ ಬರೋ ಭಾಗ ನೆನಪು ಮಾಡ್ಕೊಳ್ಳಿ. ನಲವತ್ತೆರಡು ವರ್ಷದ ಮನುಷ್ಯ, ಒಂದು ದಿನ ಬೇಜಾರಲ್ಲಿ ಅಂಗಡಿ ಬಾಗಿಲಲ್ಲಿ ನಿಂತಿರ್ತಾನೆ, ಟೈಮ್ ಸೇವಿಂಗ್ಸ್ ಬ್ಯಾಂಕಿನ ಏಜೆಂಟ್ ಒಬ್ಬ ಒಳಗೆ ಬಂದು ಕನ್ನಡಿ ಮೇಲೇ ಲೆಕ್ಕ ಬರೆಯೋಕೆ ಶುರು ಮಾಡ್ತಾನೆ. ಎಪ್ಪತ್ತು ವರ್ಷ ಬದುಕಿದ್ರೆ 220 ಕೋಟಿ 75 ಲಕ್ಷ 20 ಸಾವಿರ ಸೆಕೆಂಡು. ಅದ್ರಲ್ಲಿ ನಿದ್ದೆಗೆ ಇಷ್ಟು, ಕೆಲಸಕ್ಕೆ ಇಷ್ಟು, ಕಿವಿ ಕೇಳದ ಅಮ್ಮನ ಜೊತೆ ದಿನಾ ಕೂತು ಮಾತಾಡೋದಕ್ಕೆ ಇಷ್ಟು, ಗಿಳಿ ನೋಡ್ಕೊಳ್ಳೋದಕ್ಕೆ ಇಷ್ಟು, ಗಾಲಿಕುರ್ಚಿಯಲ್ಲಿರೋ ದಾರಿಯಾ ಅನ್ನೋಳಿಗೆ ಒಂದು ಹೂವು ಕೊಟ್ಟು ಬರೋದಕ್ಕೆ ಇಷ್ಟು. ಎಲ್ಲಾ ಕೂಡಿದ್ರೆ ಈವರೆಗೆ ಬದುಕಿರೋ 132 ಕೋಟಿ 45 ಲಕ್ಷ 12 ಸಾವಿರ ಸೆಕೆಂಡಿಗೆ ಸರಿಯಾಗಿ ತಾಳೆ ಆಗತ್ತೆ. ಕಳೆದ್ರೆ ಉಳಿಯೋದು ಸೊನ್ನೆ.

ನಮ್ಮ ಲೈಬ್ರರಿಯಲ್ಲಿ ಒಬ್ಬ ಹುಡುಗ ಕ್ಯಾಲ್ಕ್ಯುಲೇಟರ್ ತಂದು ಆ ಗುಣಾಕಾರ ಎಲ್ಲ ಮಾಡಿ ನೋಡ್ದ. ಲೆಕ್ಕ ಸರಿಯಾಗೇ ಬಂತು. ಆಮೇಲೆ ಅವನ ಮುಖ ನೋಡ್ಬೇಕಿತ್ತು ನೀವು, ಯಾಕಂದ್ರೆ ಲೆಕ್ಕದಲ್ಲಿ ತಪ್ಪಿಲ್ಲ ಆದ್ರೂ ಎಲ್ಲೋ ಮೋಸ ನಡೀತಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಾಗ್ತಿದೆ, ಎಲ್ಲಿ ಅಂತ ಮಾತ್ರ ತೋರಿಸೋಕಾಗ್ತಿಲ್ಲ. ಅಮ್ಮನ ಜೊತೆ ಕೂತ ಗಂಟೆಯನ್ನ ‘ನಷ್ಟ’ದ ಪಟ್ಟಿಗೆ ಹಾಕಿದ್ದು ಯಾರು, ಹಾಕೋಕೆ ಅವನ್ಯಾರು ಅಂತ ಹೊಳೆಯೋಕೆ ಅವನಿಗೆ ಒಂದು ವಾರ ಬೇಕಾಯ್ತು, ಓಡಿ ಬಂದು ಹೇಳ್ದ. ಅದು ಅವನೇ ಹುಡುಕಿದ್ದು. ಆ ವಾರದಲ್ಲಿ ನಾನು ಬಾಯಿ ಬಿಟ್ಟಿದ್ರೆ ಅದೂ ಒಂದು ನೋಟ್ಸ್ ಆಗಿಬಿಡ್ತಿತ್ತು. ಅದಕ್ಕೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಅರ್ಥ ಬಿಡಿಸಿ ಹೇಳ್ಬೇಡಿ. ಅವಳು ಕೇಳಿದ್ರೆ ಜೊತೆಗೆ ಯೋಚನೆ ಮಾಡಿ, ನಿಮ್ಮದೂ ಒಂದು ಪ್ರಶ್ನೆ ಸೇರಿಸಿ.

ದೊಡ್ಡೋರ ಪುಸ್ತಕ ಅನ್ನಿಸ್ತು ಅಂದ್ರಲ್ಲ, ಅದರ ಬಗ್ಗೆ ಒಂದು ಮಾತು. ಅಮೆರಿಕಾದ ತತ್ವಶಾಸ್ತ್ರದ ಪ್ರೊಫೆಸರ್ ಗ್ಯಾರೆತ್ ಮ್ಯಾಥ್ಯೂಸ್ 1980ರಲ್ಲೇ ಒಂದು ಪುಸ್ತಕ ಬರೆದು ವಾದ ಮಾಡಿದ್ರು, ಸಣ್ಣ ಮಕ್ಕಳು ಕೇಳೋದು ನಿಜವಾದ ತತ್ವದ ಪ್ರಶ್ನೆಗಳೇ, ಮಗುವಿನ ಯೋಚನೆ ಇಷ್ಟು ವಯಸ್ಸಿಗೆ ಇಷ್ಟೇ ಅಂತ ಮನಶ್ಶಾಸ್ತ್ರಜ್ಞ ಪಿಯಾಜೆ ಹಾಕಿದ ಮೆಟ್ಟಿಲಲ್ಲಿ ಇದಕ್ಕೆ ಜಾಗಾನೇ ಸಿಗಲಿಲ್ಲ ಅಂತ. ನನ್ನ ಅನುಭವವೂ ಅದೇ ಹೇಳತ್ತೆ. ಹನ್ನೆರಡು ವರ್ಷದವರಿಗೆ ಈ ಪ್ರಶ್ನೆಗಳು ಹೊಸವು, ಬಿಸಿಬಿಸಿ ಇರ್ತವೆ. ನಾವೇ ಅವನ್ನ ಅಟ್ಟಕ್ಕೆ ಹಾಕಿರೋದು.

ಪಿಯು_ಓದುಗ

ಆಂಟಿ ನಾನು ಸೆಕೆಂಡ್ ಪಿಯುಸಿ, ನಿಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವನು ಅಷ್ಟೇ ಅದಕ್ಕೆ ನಾನೇ ಹೇಳಿದ್ರೆ ಸರಿ ಅನ್ಸ್ತು. ನಂಗೆ ಈ ಥರ ಹಿಡ್ಕೊಂಡಿದ್ದು ಅರ್ಸುಲಾ ಲೆ ಗ್ವಿನ್ ಬರೆದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’, 1968ರದ್ದು, ಒಂಬತ್ತನೇ ಕ್ಲಾಸಲ್ಲಿ ಓದಿದ್ದು. ಪ್ರಕಾಶಕರು ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದು ಪುಸ್ತಕ ಬರ್ಕೊಡಿ ಅಂತ ಕೇಳಿದ್ರಂತೆ, ಆಗ ಅವ್ರಿಗೆ ಈ ಕಥೆಗಳಲ್ಲಿ ಬರೋ ಬಿಳಿ ಗಡ್ಡದ ಮಾಂತ್ರಿಕರೆಲ್ಲ ಹುಡುಗರಾಗಿದ್ದಾಗ ಹೆಂಗಿದ್ರು ಅನ್ನೋ ಯೋಚನೆ ಬಂತಂತೆ, ಅಲ್ಲಿಂದ ಗೆಡ್ ಅನ್ನೋ ಹುಡುಗ ಹುಟ್ಟಿದ್ದು.

ಗೆಡ್‌ಗೆ ಸಖತ್ ಪ್ರತಿಭೆ ಇದೆ ಅಷ್ಟೇ ಸಿಟ್ಟೂ ಇದೆ, ಮಾಂತ್ರಿಕರ ಶಾಲೆಯಲ್ಲಿ ಜ್ಯಾಸ್ಪರ್ ಅನ್ನೋ ಸೀನಿಯರ್ ಕೆಣಕಿದಾಗ ನಾನೇನು ಕಮ್ಮಿ ಅಂತ ತೋರಿಸೋಕೆ ಹೋಗಿ ಒಂದು ರಾತ್ರಿ ಸತ್ತವರ ಆತ್ಮ ಕರೀತಾನೆ, ಆಗ ಲೋಕದಲ್ಲೇ ಒಂದು ಬಿರುಕು ಬಿಡತ್ತೆ, ಅದರಿಂದ ಒಂದು ನೆರಳು ಆಚೆ ಹಾರಿ ಅವನ ಮುಖ ಪರಚಿ ಹಾಕತ್ತೆ, ಅವನನ್ನ ಉಳಿಸೋಕೆ ಹೋಗಿ ಶಾಲೆಯ ದೊಡ್ಡ ಗುರುಗಳೇ ಸತ್ತುಹೋಗ್ತಾರೆ. ಅಲ್ಲಿಂದ ಮುಂದೆ ಆ ನೆರಳು ಇವನ ಹಿಂದೆ, ಇವನು ದ್ವೀಪದಿಂದ ದ್ವೀಪಕ್ಕೆ ಓಡೋದು. ಕೊನೆಗೆ ಮೊದಲ ಗುರು ಓಗಿಯನ್ ಹೇಳ್ತಾರೆ ಓಡೋದು ಬಿಡು ತಿರುಗಿ ನಿಂತ್ಕೋ ನೀನೇ ಅದನ್ನ ಬೇಟೆ ಆಡು ಅಂತ. ಓಡ್ತಿದ್ದವನು ಅಟ್ಟಿಸ್ಕೊಂಡು ಹೋಗೋಕೆ ಶುರು ಮಾಡಿದ ತಕ್ಷಣ ನೆರಳು ಓಡತ್ತೆ, ಅದನ್ನ ಓದ್ವಾಗ ನಂಗೆ ಮೈ ಜುಂ ಅಂದಿತ್ತು. ಕೊನೆಯದು ಹೇಳಲ್ಲ ನಿಮ್ಮ ಮಗಳು ಓದ್ಲಿ, ಆದ್ರೆ ಒಂದು ಹೇಳ್ತೀನಿ ಅಲ್ಲಿ ಗೆದ್ದವರೂ ಇಲ್ಲ ಸೋತವರೂ ಇಲ್ಲ.

ಅಲ್ಲಿವರೆಗೂ ನಾನು ಓದಿದ್ರಲ್ಲಿ, ನೋಡಿದ್ರಲ್ಲಿ ಎಲ್ಲಾ ಕೆಟ್ಟೋನು ಅಂದ್ರೆ ಬೇರೆ ಯಾರೋ, ಅವನ್ನ ಕೊಂದ್ರೆ ಮುಗೀತು. ಇಲ್ಲಿ ಹೆದರಿಕೆ ಹೊರಗಿಂದ ಬಂದಿದ್ದೇ ಅಲ್ಲ. ನಂಗೆ ಆಗ ಮನೆಯಲ್ಲಿ ಸಿಟ್ಟು ಜಾಸ್ತಿ ಇತ್ತು, ಅಣ್ಣನ ಜೊತೆ ಕಂಪೇರ್ ಮಾಡಿದ್ರೆ ಬಾಗಿಲು ಬಡ್ಕೊಂಡು ಹೋಗ್ತಿದ್ದೆ, ಕೌನ್ಸೆಲಿಂಗ್ ಥರದ ಮಾತು ಯಾರಾದ್ರೂ ಹೇಳೋಕೆ ಬಂದ್ರೆ ಕಿವಿ ಮುಚ್ಕೋತಿದ್ದೆ. ಈ ಪುಸ್ತಕ ನನ್ನ ಬಗ್ಗೆ ಒಂದಕ್ಷರ ಮಾತಾಡಲಿಲ್ಲ, ಸಮುದ್ರ ದೋಣಿ ಡ್ರ್ಯಾಗನ್ ಬಗ್ಗೆ ಮಾತಾಡ್ತು, ಆದ್ರೆ ಅರ್ಧರಾತ್ರಿ ಮುಗಿಸಿದಾಗ ನನ್ನ ಸಿಟ್ಟಿನ ಮುಖ ನಂಗೆ ಮೊದಲ ಸಲ ಕಾಣಿಸ್ತು. ಆಮೇಲೆ ಗೊತ್ತಾಯ್ತು ಲೆ ಗ್ವಿನ್ ಚೀನಾದ ತಾವೋ ಚಿಂತನೆಯನ್ನ ಜೀವನ ಪೂರ್ತಿ ಓದ್ಕೊಂಡು ಬಂದೋರು, 1997ರಲ್ಲಿ ಅದರ ಮೂಲಗ್ರಂಥ ‘ತಾವೋ ತೆ ಚಿಂಗ್’ನ ತಮ್ಮದೇ ಇಂಗ್ಲಿಷ್ ರೂಪ ಹೊರತಂದ್ರು ಅಂತ. ಕತ್ತಲೆ ಬೆಳಕು ಎರಡೂ ತೂಗ್ಬೇಕು ಅನ್ನೋದು ಅಲ್ಲಿಂದ ಬಂದಿರೋದು. ಆದ್ರೆ ಅದ್ಯಾವ್ದೂ ಗೊತ್ತಿಲ್ದೇ ಓದಿದ್ದೇ ಒಳ್ಳೇದಾಯ್ತು. ಇನ್ನೊಂದು, ಗೆಡ್ ಮೈಬಣ್ಣ ಕೆಂಪುಗಂದು, ಅವನ ಫ್ರೆಂಡ್ ವೆಚ್ ಕಪ್ಪು. ಇಂಗ್ಲಿಷ್ ಫ್ಯಾಂಟಸಿಯಲ್ಲಿ ನನ್ನ ಬಣ್ಣದ ಹೀರೋನ ಮೊದಲ ಸಲ ನೋಡಿದ್ದು ಅಲ್ಲೇ.

ಶಾಲ್ಮಲಾ

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡ ಕಡಿ ಸಾಲ್ಯಾಗ ಕನ್ನಡಾ ಕಲಿಸಿ ರಿಟೈರ್ ಆದಾಂವ ನಾನು. ಇವೆಲ್ಲಾ ಭಾಳ ಛಲೋ ಪುಸ್ತಕ ಅದಾವ, ಓದ್ಲಿ. ಆದ್ರ ನಮ್ಮ ಹುಡುಗೂರಿಗೆ ಇದು ಹೊಸಾದಲ್ರಿ. ಕಠೋಪನಿಷತ್ತಿನ ನಚಿಕೇತ ಯಾರು ಹೇಳ್ರಿ? ಸಣ್ಣ ಹುಡುಗ. ಅಪ್ಪ ಯಜ್ಞದಾಗ ಹಾಲು ಬತ್ತಿದ ಮುದಿ ಆಕಳ ದಾನ ಕೊಡಾಕತ್ತಿದ್ದು ನೋಡಿ, ಹಂಗಾರ ನನ್ನ ಯಾರಿಗೆ ಕೊಡ್ತಿ ಅಂತ ಕೇಳ್ತಾನ. ಒಮ್ಮೆ ಅಲ್ಲ, ಮೂರ ಸಲ. ಅಪ್ಪ ಸಿಟ್ಟಿಗೆದ್ದು ಯಮಗ ಕೊಟ್ಟೆ ಹೋಗು ಅಂತಾನ. ಈ ಹುಡುಗ ಖರೇನ ಹೋಗಿ ಯಮನ ಬಾಗಿಲದಾಗ ಮೂರ ರಾತ್ರಿ ಉಪಾಸ ಕುಂದರ್ತಾನ. ಯಮ ಆನಿ ಕೊಡ್ತೀನಿ, ಕುದರಿ ಕೊಡ್ತೀನಿ, ಬಂಗಾರ ಕೊಡ್ತೀನಿ, ಬೇಕಾದಷ್ಟ ವರ್ಷ ಬದುಕು, ಸತ್ತ ಮ್ಯಾಲೆ ಏನಾಗ್ತೈತಿ ಅನ್ನೂದೊಂದ ಕೇಳಬ್ಯಾಡ ಅಂತಾನ. ಬ್ಯಾಡ, ನನಗ ಅದ ಬೇಕು ಅಂತಾನ ಹುಡುಗ. ಕ್ಲಾಸಿನ್ಯಾಗ ಇದನ್ನ ಹೇಳಿದಾಗೆಲ್ಲಾ ಯಮ ಒಂದೊಂದ ಕೊಡಾಕ ಬಂದಾಗ ಹಿಂದಿನ ಬೆಂಚಿನ ಹುಡುಗೂರು ‘ತಗೋಬ್ಯಾಡ’ ಅಂತ ಕೂಗ್ತಿದ್ರು. ಹಿರ್ಯಾರು ಮಾತ ಮರಸಾಕ ಏನೇನ ಆಸಿ ತೋರಸ್ತಾರ ಅನ್ನೂದು ಅವ್ಕ ಗೊತ್ತಿರ್ತೈತಲ್ರಿ.

ಇನ್ನ ‘ಚಂದಮಾಮ’ದಾಗ ತಿಂಗಳಾ ಬರ್ತಿದ್ದ ಬೇತಾಳನ ಕಥಿ. ಹೆಣದೊಳಗಿನ ಬೇತಾಳ ಕಥಿ ಹೇಳಿ ಪ್ರಶ್ನೆ ಹಾಕ್ತಿತ್ತು, ಉತ್ತರ ಗೊತ್ತಿದ್ದೂ ಹೇಳಲಿಲ್ಲಂದ್ರ ತಲಿ ಒಡದು ಹೋಳ ಆಗ್ತೈತಿ. ನಾನು ಕ್ಲಾಸಿನ್ಯಾಗ ವಿಕ್ರಮ ಉತ್ತರಾ ಹೇಳೂ ಪ್ಯಾರಾದ ಮ್ಯಾಲೆ ಅಂಗೈ ಇಟ್ಟು ಮುಚ್ಚಿ, ಈಗ ನೀವ ಹೇಳ್ರಿ ಅಂತಿದ್ದೆ. ತಲಿ ಅದಲಬದಲ ಆದ ಕಥಿ ಐತಲ್ಲ, ಗಂಡನ ತಲಿ ಒಂದ ಮೈಗೆ, ಇನ್ನೊಬ್ಬನ ತಲಿ ಗಂಡನ ಮೈಗೆ, ಈಗ ಆಕಿ ಗಂಡ ಯಾರು? ವಿಕ್ರಮ ತಲಿ ಇದ್ದಾಂವನ ಗಂಡ ಅಂತಾನ. ಆದ್ರ ನಮ್ಮ ಹುಡುಗೂರು ಒಪ್ಪಬೇಕಲ್ಲ! ಒಬ್ಬಾಕಿ, ಸರ ಅಡಗಿ ಕಲ್ತದ್ದು ಕೈಯಲ್ರಿ, ತಲಿ ಹೋದ್ರೂ ಕೈಗೆ ನೆನಪಿರ್ತೈತಿ ಅಂತ ಜಗಳ ತಗದ್ಲು. ಇದ ಕಥಿನ್ನ ಜರ್ಮನಿಯ ಥಾಮಸ್ ಮನ್ ಕಾದಂಬರಿ ಮಾಡಿದ, ನಮ್ಮ ಗಿರೀಶ ಕಾರ್ನಾಡರು ಅದನ್ನ ಹಿಡಕೊಂಡು 1971ರಾಗ ‘ಹಯವದನ’ ಬರದ್ರು. ಸಣ್ಣ ಹುಡುಗೂರ ಪತ್ರಿಕಿಯೊಳಗಿನ ಪ್ರಶ್ನಿ ಎಷ್ಟ ದೂರ ಹೋಗಿ ಬಂತು ನೋಡ್ರಿ.

ಒಂದ ಎಚ್ಚರಕಿ ಹೇಳ್ತೀನಿ. ಪ್ರಶ್ನಿ ಮೊದಲ ಬರಬೇಕು, ಉತ್ತರಾ ಆಮ್ಯಾಲೆ, ಇಲ್ಲಾ ಬರದನ ಇರಬೇಕು. ಇತ್ತೀಚಿಗೆ ‘ಮೌಲ್ಯ’ ಅಂತ ಹೆಸರ ಹಚ್ಚಿ ಬರೂ ಮಕ್ಕಳ ಪುಸ್ತಕದಾಗ ಡ್ರ್ಯಾಗನ್ನೂ ಉಪದೇಶ ಮಾಡತೈತಿ, ಮರಾನೂ ಉಪದೇಶ ಮಾಡತೈತಿ. ಹುಡುಗೂರು ಎರಡನೇ ಪುಟಕ್ಕ ಅದನ್ನ ಮೂಸಿ ಬದಿಗಿಡ್ತಾವ, ಅದು ಸರಿನೂ ಐತಿ.

ಹೊಸ್ಮನೆ

ಮಂಕಾಗ್ತಾರಾ ಅಂತ ಕೇಳಿದ್ರಲ್ಲ, ಅದಕ್ಕೆ ನಮ್ಮನೆ ವಿಷಯ ಹೇಳ್ತೀನಿ. ನಾವಿರೋದು ನ್ಯೂಜೆರ್ಸಿ, ಮೂಲ ಸಾಗರದ ಕಡೆ. ನಮ್ಮ ಮಾವನವರು ಊರಲ್ಲಿ ತೀರಿಕೊಂಡಾಗ ಮಗನಿಗೆ ಹನ್ನೊಂದು, ಅವನನ್ನ ಕರ್ಕೊಂಡು ಹೋಗೋಕಾಗಲಿಲ್ಲ. ಅಳಲಿಲ್ಲ, ಏನೂ ಕೇಳಲಿಲ್ಲ, ಅದೇ ನಮಗೆ ಹೆದರಿಕೆ ಆಗಿದ್ದು. ಅದೇ ವರ್ಷ ಸ್ಕೂಲಲ್ಲಿ ನ್ಯಾಟಲಿ ಬ್ಯಾಬಿಟ್ ಬರೆದ ‘ಟಕ್ ಎವರ್‌ಲಾಸ್ಟಿಂಗ್’ ಓದಿಸಿದ್ರು, 1975ರದ್ದು, ಸಣ್ಣ ಪುಸ್ತಕ. ಕಾಡಲ್ಲಿ ಒಂದು ಬುಗ್ಗೆ, ಅದರ ನೀರು ಕುಡಿದ ಒಂದು ಸಂಸಾರಕ್ಕೆ ಸಾವೇ ಇಲ್ಲ, ಕುಡಿದಾಗ ಎಷ್ಟು ವಯಸ್ಸೋ ಅಷ್ಟಕ್ಕೇ ನಿಂತುಹೋಗಿದಾರೆ. ವಿನಿ ಅನ್ನೋ ಹತ್ತು ವರ್ಷದ ಹುಡುಗಿಗೆ ಗುಟ್ಟು ಗೊತ್ತಾಗತ್ತೆ. ಆ ಮನೆ ಯಜಮಾನ ಟಕ್ ಅವಳನ್ನ ಸಂಜೆ ಹೊತ್ತು ದೋಣಿಯಲ್ಲಿ ಕೂರಿಸ್ಕೊಂಡು ಕೊಳದ ಮೇಲೆ ಕರ್ಕೊಂಡು ಹೋಗ್ತಾನೆ. ದೋಣಿ ಒಂದು ಕಡೆ ಬೇರಿಗೆ ಸಿಕ್ಕಿಹಾಕ್ಕೊಂಡು ನಿಂತುಬಿಡತ್ತೆ, ನೀರು ಮಾತ್ರ ಪಕ್ಕದಲ್ಲಿ ಹರೀತಾನೇ ಇರತ್ತೆ. ನಾವು ಹಿಂಗೆ ಸಿಕ್ಕಿಹಾಕ್ಕೊಂಡಿದೀವಿ ಅಂತಾನೆ. ಸಾಯೋದು ಹುಟ್ಟೋದರ ಪಕ್ಕದಲ್ಲೇ ಇರೋದು, ಒಂದು ಬಿಟ್ಟು ಇನ್ನೊಂದು ಇಟ್ಕೊಳ್ಳೋಕೆ ಆಗಲ್ಲ ಅನ್ನೋ ಥರ ಮಾತಾಡ್ತಾನೆ.

ಅದನ್ನ ಓದಿದ ರಾತ್ರಿ ಮಗ ಅಡುಗೆಮನೆಗೆ ಬಂದು, ಅಮ್ಮ, ಅಜ್ಜ ಆ ನೀರು ಸಿಕ್ಕಿದ್ರೆ ಕುಡೀತಿದ್ರಾ ಅಂದ. ಮೊಣಕಾಲು ನೋವಿಟ್ಕೊಂಡು ಯಾವಾಗ್ಲೂ ಹಂಗೇ ಇರ್ಬೇಕು ಅಂದ್ರೆ ಅಜ್ಜ ಒಪ್ತಿರಲಿಲ್ಲ ಅಲ್ವಾ ಅಂತ ಅವನೇ ಹೇಳಿ, ಆಮೇಲೆ ಅತ್ತ. ಅವತ್ತು ತುಂಬಾ ಹೊತ್ತು ಅಜ್ಜನ ವಿಷಯ ಮಾತಾಡಿದ್ವಿ. ಹಂಗಾಗಿ ಆ ಫ್ಲಾಟಿನವರಿಗೆ ಹೇಳಿ, ಈ ಯೋಚನೆಗಳನ್ನ ಪುಸ್ತಕ ತಂದು ಹಾಕೋದಲ್ಲ, ಮಕ್ಕಳ ಹತ್ರ ಆಗ್ಲೇ ಇರ್ತವೆ, ಒಬ್ಬರೇ ಹೊತ್ಕೊಂಡು ಓಡಾಡ್ತಿರ್ತಾರೆ.

ಆದ್ರೂ ಎಲ್ಲಾ ಪುಸ್ತಕಾನೂ ಎಲ್ಲಾ ವಯಸ್ಸಿಗಲ್ಲ. ಫಿಲಿಪ್ ಪುಲ್‌ಮನ್ ಅವರ ‘ನಾರ್ದರ್ನ್ ಲೈಟ್ಸ್’ ಹನ್ನೆರಡಕ್ಕೆ ಕೊಡ್ಬಹುದು, ಅಲ್ಲಿ ಪ್ರತಿಯೊಬ್ಬರ ಆತ್ಮ ಪ್ರಾಣಿ ರೂಪದಲ್ಲಿ ಹೊರಗೇ ಇರತ್ತೆ, ಮಕ್ಕಳದ್ದು ರೂಪ ಬದಲಾಯಿಸ್ತಾ ಇರತ್ತೆ, ದೊಡ್ಡೋರಾಗ್ತಾ ಒಂದಕ್ಕೇ ನಿಲ್ಲತ್ತೆ, ಮಕ್ಕಳಿಗೆ ಅದು ಎಷ್ಟು ಇಷ್ಟ ಅಂದ್ರೆ ನನ್ನದು ಯಾವುದಾಗ್ಬಹುದು ಅಂತ ದಿನಗಟ್ಲೆ ಮಾತಾಡ್ತಾರೆ. ಆದ್ರೆ ಆ ಸರಣಿಯ ಮೂರನೆಯದರಲ್ಲಿ ಸತ್ತವರ ಲೋಕಕ್ಕೆ ಹೋಗ್ತಾರೆ, ಅದು ಗಟ್ಟಿಯಾಗಿದೆ, ಎರಡು ವರ್ಷ ಕಾಯಿರಿ. ಅಂದ ಹಾಗೆ ಇಲ್ಲಿ ಮಾಂಟ್‌ಕ್ಲೇರ್ ಯೂನಿವರ್ಸಿಟಿಯಲ್ಲಿ ಮ್ಯಾಥ್ಯೂ ಲಿಪ್‌ಮನ್ ಅನ್ನೋರು 1974ರಲ್ಲಿ ಮಕ್ಕಳ ತತ್ವಶಾಸ್ತ್ರಕ್ಕೇ ಒಂದು ಸಂಸ್ಥೆ ಶುರು ಮಾಡಿದ್ರು. ಪಠ್ಯಪುಸ್ತಕದ ಬದಲು ಕಾದಂಬರಿ, ಕ್ಲಾಸಲ್ಲಿ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದೋದು, ಆಮೇಲೆ ಯಾವ ಪ್ರಶ್ನೆ ಮಾತಾಡ್ಬೇಕು ಅಂತ ಮಕ್ಕಳೇ ಆರಿಸೋದು. ಮನೆಯಲ್ಲೂ ಇದು ನಡೆಯತ್ತೆ, ನಾವು ಮಾಡ್ತೀವಿ.

ಜಯನಗರ್_ಅಮ್ಮ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಹೊಸ್ಮನೆಯವರು ಬರೆದಿದ್ದು ಓದಿ ಕಣ್ಣು ತುಂಬಿ ಬಂತು. ಕಪಾಟು ಅವರು ಹೇಳಿದ ಹಾಗೆ ನಾನೇನೂ ಅರ್ಥ ಹೇಳದೇ, ನಿಂಗೆ ಇದ್ರಲ್ಲಿ ಇನ್ನೂ ಬಗೆಹರಿದಿಲ್ಲದ್ದು ಏನಿದೆ ಅಂತ ಮಾತ್ರ ಕೇಳಿದೆ. ಅವಳು ಹೇಳಿದ್ದು ಕೇಳಿ. ಕಥೆಯಲ್ಲಿ ಜನರ ಸಮಯ ಹೂವಿನ ರೂಪದಲ್ಲಿರತ್ತೆ, ಆ ಬೂದು ಜನ ಕದ್ದ ಸಮಯದ ಹೂವಿನ ಎಸಳನ್ನ ಒಣಗಿಸಿ ಸಿಗಾರ್ ಮಾಡಿ ಸೇದ್ತಾರೆ, ಸೇದದೇ ಇದ್ರೆ ಕರಗಿ ಮಾಯ ಆಗ್ತಾರೆ ಅಲ್ವಾ, ಅಂದ್ರೆ ಅವರು ಬದುಕ್ಬೇಕು ಅಂದ್ರೆ ಕದಿಯಲೇಬೇಕು, ಹಂಗಿದ್ರೆ ಅವರು ಕೆಟ್ಟವರಾ ಅಮ್ಮ, ಅವರು ಮಾಯ ಆದಾಗ ನಂಗೆ ಖುಷಿ ಆಗ್ಬೇಕಾ? ನಂಗೆ ಇದು ಹೊಳೆದೇ ಇರಲಿಲ್ಲ. ಇಬ್ರೂ ಈಗ ಇದನ್ನೇ ಹಿಡ್ಕೊಂಡು ಕೂತಿದೀವಿ, ರಾತ್ರಿ ಅವಳಪ್ಪನೂ ಸೇರ್ಕೊಂಡ್ರು, ಅವರದ್ದು ಬೇರೆಯೇ ವಾದ.

ಮುಂದೆ ಕೊಡೋಕೆ ಟಕ್ ಮೊದಲಾ ಅರ್ಥ್‌ಸೀ ಮೊದಲಾ? ಎಂಡೆ ಅವರದ್ದೇ ‘ನೆವರ್‌ಎಂಡಿಂಗ್ ಸ್ಟೋರಿ’ ಹೇಗೆ?

ಶಾಲ್ಮಲಾ

ತಂಗಿ, ನಿನ್ನ ಮಗಳು ಕೇಳಿದ್ದ ಪ್ರಶ್ನಿ ಪುಣ್ಯಕೋಟಿಯ ಹುಲಿಗೂ ಕೇಳಬೇಕಾದ್ದವಾ. ಆ ಹುಲಿಗೂ ಹಸಿವಿತ್ತು, ಆಕಳ ತಿನ್ನೂದ ಅದರ ಬದುಕು. ಕಡೀಕ ಅದು ತಿನ್ನೂದಿಲ್ಲಂತ ಹಾರಿ ಪ್ರಾಣಾ ಬಿಡ್ತೈತಿ. ನಾವೆಲ್ಲಾ ಆಕಳ ಸತ್ಯಾನ ಹಾಡಿ ಹೊಗಳ್ತೀವಿ, ಹುಲಿ ಯಾಕ ಸಾಯಬೇಕಿತ್ತು ಅಂತ ಕ್ಲಾಸಿನ್ಯಾಗ ಯಾವಾಗ್ಲೂ ಒಂದ ಹುಡುಗಿ ಕೇಳ್ತಿದ್ಲು. ಹುಲಿಗೆ ಬ್ಯಾರೆ ದಾರಿ ಇತ್ತೋ ಇಲ್ಲೋ, ಬೂದಿ ಬಣ್ಣದವ್ರಿಗೆ ಇತ್ತೋ ಇಲ್ಲೋ, ಎರಡೂ ಬಾಜೂಕ ಇಟ್ಟು ಕೇಳ್ರಿ ಆಕಿನ್ನ. ಏನ ಹೇಳಿದ್ಲು ಅಂತ ಇಲ್ಲಿ ಬರೀರಿ, ನನಗ ತಿಳ್ಕೋಬೇಕಾಗೈತಿ.

ಕಪಾಟು

ಟಕ್ ಮೊದಲು ಕೊಡಿ ಮೇಡಂ, ಎರಡು ಮೂರು ಸಂಜೆಗೆ ಮುಗಿಯತ್ತೆ. ಅರ್ಥ್‌ಸೀ ಆಮೇಲೆ, ಅದರ ಮೊದಲ ಎರಡು ಅಧ್ಯಾಯ ನಿಧಾನ, ಹಳೇ ಪುರಾಣ ಹೇಳೋ ಧಾಟಿಯಲ್ಲಿ ಹೋಗತ್ತೆ, ನೀವೇ ಗಟ್ಟಿಯಾಗಿ ಓದಿ ದಾಟಿಸಿದ್ರೆ ಶಾಲೆ ಬಂದ ಮೇಲೆ ಅವಳೇ ಓಡ್ತಾಳೆ.

‘ನೆವರ್‌ಎಂಡಿಂಗ್ ಸ್ಟೋರಿ’ ಖಂಡಿತ ಕೊಡಿ, 1979ರದ್ದು, ಆದ್ರೆ ಸಿನಿಮಾ ಮೊದಲು ತೋರಿಸ್ಬೇಡಿ. 1984ರ ಸಿನಿಮಾ ಸುಮಾರು ಅರ್ಧಕ್ಕೇ ನಿಂತುಬಿಡತ್ತೆ, ಎಂಡೆಗೆ ಅದು ಒಂಚೂರೂ ಹಿಡಿಸಿರಲಿಲ್ಲ. ತತ್ವ ಇರೋದು ಉಳಿದರ್ಧದಲ್ಲಿ. ಬಾಸ್ಟಿಯನ್ ಅನ್ನೋ ಹುಡುಗ ತಾನು ಓದ್ತಿದ್ದ ಪುಸ್ತಕದೊಳಗೇ ಹೋಗ್ತಾನೆ, ಅವನಿಗೆ ಕೊಟ್ಟಿರೋ ಪದಕದ ಮೇಲೆ ನಿನಗೆ ಬೇಕಾದ್ದು ಮಾಡು ಅಂತ ಬರೆದಿರತ್ತೆ, ಒಂದೊಂದು ಆಸೆ ಈಡೇರಿದಾಗ್ಲೂ ಹಳೇ ಬದುಕಿನ ಒಂದೊಂದು ನೆನಪು ಅಳಿಸಿಹೋಗತ್ತೆ, ಅಳಿಸಿಹೋಗಿದ್ದು ಅವನಿಗೆ ಗೊತ್ತೇ ಆಗಲ್ಲ. ಬೇಕಾದ್ದು ಅಂದ್ರೆ ಯಾವುದು, ಹೊತ್ತಿಗೊಂದು ಹುಟ್ಟೋ ಆಸೆನಾ ಅಥವಾ ಅದರ ಅಡಿಯಲ್ಲಿರೋ ಬೇರೇನೋನಾ ಅಂತ ನಿಮ್ಮ ಮಗಳು ಖಂಡಿತ ಕೇಳ್ತಾಳೆ. ಎರಡು ಬಣ್ಣದ ಶಾಯಿಯಲ್ಲಿ ಅಚ್ಚಾಗಿರೋ ಪ್ರತಿ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ನಮ್ಮ ಲೋಕದ ಕಥೆ ಒಂದು ಬಣ್ಣ, ಅಲ್ಲಿಯದು ಇನ್ನೊಂದು, ಮಕ್ಕಳಿಗೆ ಗಡಿ ದಾಟಿದ್ದು ಕಣ್ಣಿಗೇ ಕಾಣತ್ತೆ.

ಟಕ್ ಕೈಗೆ ಕೊಡೋವಾಗ ಹಿಂದಿನ ಕವರ್ ಓದ್ಬೇಡ ಅಂತ ಹೇಳಿ, ಸಾಧ್ಯ ಆದ್ರೆ ಕಾಗದದ ರಟ್ಟು ಹಾಕಿ ಕೊಡಿ. ಬುಗ್ಗೆಯ ಗುಟ್ಟನ್ನ ಅಲ್ಲೇ ಬರೆದಿರ್ತಾರೆ, ಅದು ವಿನಿಗೆ ಗೊತ್ತಾಗೋ ಹೊತ್ತಿಗೇ ನಿಮ್ಮ ಮಗಳಿಗೂ ಗೊತ್ತಾಗ್ಲಿ.